ಶರಣಕ್ಕ ಮತ್ತು ನಿಕೋಲಸಪ್ಪ

ಶರಣಕ್ಕ ಚಪ್ಪಲಿ ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯುತ್ತಿದ್ದರು. ಬರೀ ನೀರಿನಲ್ಲಲ್ಲ, ಸೋಪು ಹಚ್ಚಿ, ಬೆರಳ ಸಂದಿಯನ್ನೆಲ್ಲ ಉಜ್ಜಿ, ಕೊನೆಗೆ ನಲ್ಲಿಯನ್ನು ಮೊಣಕೈಯಿಂದಲೇ ತಳ್ಳಿ ನಿಲ್ಲಿಸಿ. ಇದರಲ್ಲಿ ಅರ್ಧ ಕಲಬುರಗಿ ಕಡೆಯ ಹಳ್ಳಿಯಲ್ಲಿ ಅವರ ಅವ್ವ ಕಲಿಸಿದ್ದು. ಇನ್ನರ್ಧ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಕಲಿತದ್ದು. ಲಂಡನ್ನಿನ ಅಂಚಿನ ಫೆಲ್ಥಮ್‌ನ ಹತ್ತಿರದ ಆ ದೊಡ್ಡ ಶೆಡ್ಡಿನಲ್ಲಿ ತಲೆಗೆ ಬಲೆ, ಕೈಗೆ ಗ್ಲೌಸು ಹಾಕಿಕೊಂಡು ಅವರು ಎಷ್ಟೋ ವರ್ಷ ಸಸ್ಯಾಹಾರದ ಟ್ರೇ ತುಂಬಿದ್ದರು. ಎರಡು ಕಡೆಯ ಶುಚಿ ಒಂದೇ ಮೈಯಲ್ಲಿ ಸೇರಿಬಿಟ್ಟರೆ ಅಂಥವರ ಮನೆಯಲ್ಲಿ ಬಾಡಿಗೆಗಿರುವುದು ಸುಲಭವಲ್ಲ. ನಾನು ಇದ್ದೆ.

ಬೆಂಗಳೂರಿನಿಂದ ಕೆಲಸದ ವೀಸಾದ ಮೇಲೆ ಬಂದ ನನಗೆ ಅವರ ಫ್ಲ್ಯಾಟಿನ ಚಿಕ್ಕ ಕೋಣೆ ಸಿಕ್ಕಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. “ಮನ್ಯಾಗ ಒಂದ ಕನ್ನಡ ದನಿ ಇರ್ಲಿ ಅಂತ ನಿನಗ ಇಟ್ಕೊಂಡೀನಿ ನೋಡವಾ. ಆದ್ರ ನಿಂದೇನ್ ಕನ್ನಡ, ಟಿವ್ಯಾಗ ಸುದ್ದಿ ಓದ್ದಂಗ ಮಾತಾಡ್ತಿ” ಎಂದು ಮೊದಲ ದಿನವೇ ಹೇಳಿದ್ದರು. ಹಣೆಗೆ ಇಬತ್ತಿ, ಮೇಲೆ ಉಣ್ಣೆಯ ಟೊಪ್ಪಿಗೆ, ಸೀರೆಯ ಮೇಲೆ ಮೊಣಕಾಲಿನವರೆಗೆ ಇಳಿಯುವ ಗಂಡಸರ ಜಾಕೆಟ್ಟು. ದನಿ ಮಾತ್ರ ಹೊಲದ ಆ ಬದುವಿನಿಂದ ಈ ಬದುವಿಗೆ ಕರೆಯುವ ದನಿ. ಲಿಫ್ಟಿನಲ್ಲಿ ಅಪರಿಚಿತರ ಕೋಟಿನ ತೋಳು ಹಿಡಿದು, ಎಲ್ಲಿ ತೆಗೆದುಕೊಂಡಿರಿ, ಬೆಚ್ಚಗಿದೆಯೇ ಎಂದು ತಮ್ಮದೇ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು. ನಾನು ಆಗೆಲ್ಲ ಫೋನು ನೋಡುತ್ತ ನಿಲ್ಲುತ್ತಿದ್ದೆ. ಅವರಿಂದಾಗಿ ನನಗೆ ನಾಚಿಕೆಯಾಗುತ್ತಿತ್ತು, ದಿನಕ್ಕೆ ಒಂದು ಸಲವಾದರೂ.

ಚಪ್ಪಲಿಗಳ ವಿಷಯಕ್ಕೆ ಬಂದರೆ ಅವು ಮನೆಯೊಳಗೆ ಬರುವ ಮಾತೇ ಇರಲಿಲ್ಲ. ಫ್ಲ್ಯಾಟಿನ ಹೊರಗೆ ಕಾರಿಡಾರಿನಲ್ಲಿ ಒಂದು ಮರದ ಸ್ಟ್ಯಾಂಡು. ಬೆಂಕಿ ಬಿದ್ದರೆ ಓಡುವ ದಾರಿಗೆ ಅಡ್ಡ ಎಂದು ಕಟ್ಟಡದ ಮ್ಯಾನೇಜರು ಅದಕ್ಕೆ ಆಗಾಗ ನೋಟೀಸು ಅಂಟಿಸುತ್ತಿದ್ದ. ಶರಣಕ್ಕ ಅದನ್ನು ಮಡಚಿ, ಸ್ಟ್ಯಾಂಡು ಅಲ್ಲಾಡದ ಹಾಗೆ ಕಾಲಿನ ಕೆಳಗೆ ಸಿಕ್ಕಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ಎದುರಿನ ಫ್ಲ್ಯಾಟಿಗೆ ಒಬ್ಬ ಡಚ್ ಮುದುಕಿ ಬಂದರು. ಹೆಸರು ಮರೈಕೆ. ಸೊಂಟದ ಆಪರೇಶನ್ ಆಗಿತ್ತು. ಒಂದು ಕಾಲು ತುಸು ಗಿಡ್ಡ, ಅದಕ್ಕೆ ಬಲಗಾಲಿನ ಶೂಗೆ ದಪ್ಪ ಅಟ್ಟೆ, ಕೈಯಲ್ಲಿ ಕೋಲು. ಹೆಚ್ಚು ಮಾತಿಲ್ಲ, ಕಂಡರೆ ತಲೆ ಬಾಗಿಸುವುದು ಅಷ್ಟೆ. ಶರಣಕ್ಕ ಅವರನ್ನು ಮರಿಯಕ್ಕ ಎಂದು ಕರೆಯತೊಡಗಿದರು. “ಪಾಪ, ಒಂಟಿ ಜೀವ, ನನ್ನಂಗೇ. ಆದ್ರ ನಗಂಗಿಲ್ಲ ನೋಡು ಆಕಿ. ನಕ್ರ ಏನ್ ತೆರಿಗಿ ಹಾಕ್ತಾರೇನು?” ಎನ್ನುತ್ತಿದ್ದರು.

ಡಿಸೆಂಬರಿನ ಆರನೆಯ ತಾರೀಖು, ಬೆಳಿಗ್ಗೆ. ಶರಣಕ್ಕನಿಗೆ ರಜೆ. ಹಾಲು ತರಲೆಂದು ಬಾಗಿಲು ತೆಗೆದವರು ಅಲ್ಲಿಂದಲೇ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಸ್ಟ್ಯಾಂಡಿನ ಮೇಲಿದ್ದ ಅವರ ಕೆಲಸದ ಶೂ ಒಳಗೆ ಒಂದು ಪುಟ್ಟ ಕಿತ್ತಳೆ, ಒಂದು ಹಳದಿ ನಾಣ್ಯ, ಆಡಿನ ಹಿಕ್ಕೆಯಂಥ ಕಂದು ಬಣ್ಣದ ಗುಂಡುಗಳು ಒಂದು ಹಿಡಿ. ನನ್ನ ಶೂನಲ್ಲೂ ಅದೇ. ಲಂಡನ್ನಿನಲ್ಲಿ ಹುಟ್ಟಿದ ಯಾರೇ ಆಗಲಿ ಇದು ಯಾರದೋ ತಮಾಷೆ ಎಂದುಕೊಂಡಿರುತ್ತಿದ್ದರು. ಆದರೆ ಹೊಸ್ತಿಲಾಚೆ ಯಾರೋ ಹಣ್ಣು ಇಟ್ಟುಹೋದರೆ ಅದರರ್ಥವೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

“ಮುಟ್ಟಬ್ಯಾಡ!” ಎಂದು ಶರಣಕ್ಕ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಮುಖ ಬಿಳಿಚಿತ್ತು. “ಭಾನಾಮತಿ ಮಾಡ್ಯಾರ. ನಮ್ಮ ದೊಡ್ಡಮ್ಮಗ ಹಿಂಗೇ ಮಾಡಿದ್ರು, ಎರಡ ವರ್ಷ ಹಾಸಗಿ ಹಿಡದಿದ್ಲು. ಇಲ್ಲಿಗೂ ಬಂತಲ್ಲೇ ಯವ್ವಾ!”

ನಾನು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳು, ಮಾಟಮಂತ್ರ ನಂಬುವವಳಲ್ಲ. ಆದರೂ ನನ್ನ ಶೂ ಮುಟ್ಟಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಶರಣಕ್ಕ ಪೊರಕೆಯ ತುದಿಯಿಂದ ಎಲ್ಲವನ್ನೂ ನೆಲಕ್ಕೆ ಕೆಡವಿ, ಹಳೆಯ ಚಪ್ಪಲಿ ಮೆಟ್ಟಿಕೊಂಡು ಕಿತ್ತಳೆಯನ್ನು ಅಜ್ಜಿಬಜ್ಜಿ ಮಾಡಿದರು. ಆಮೇಲೆ ಕಾರಿಡಾರಿನ ನಟ್ಟನಡುವೆ ನಿಂತು, ಒಂದೊಂದೇ ಬಾಗಿಲಿಗೆ ಮುಖ ಮಾಡಿ, ನೆಟಿಗೆ ಮುರಿದು ಶಪಿಸಿದರು. “ಇದನ್ನ ಇಟ್ಟ ಕೈ ಸೇದಿ ಹೋಗ್ಲಿ! ಇಟ್ಟಾಕಿ ಮನಿ ಹಾಳಾಗ್ಲಿ!” ಎದುರಿನ ಬಾಗಿಲಿಗೂ ಅದೇ ಹೇಳಿದರು. ನನಗಂತೂ ನೆಲ ಬಿರಿಯಬಾರದೇ ಎನಿಸಿತು. ಅಷ್ಟಕ್ಕೇ ಮುಗಿಯಲಿಲ್ಲ. ಒಳಗೆ ಹೋಗಿ ಹಂಚು ಕಾಯಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೂ ಮನೆಗೂ ನಿವಾಳಿಸಿ ಹಂಚಿಗೆ ಸುರಿದರು. ಘಾಟು ಬರದಿದ್ದರೆ ಮಾಟ ತಗುಲಿದೆ, ಬಂದರೆ ತಗುಲಿಲ್ಲ ಎಂದು ಲೆಕ್ಕವಂತೆ. ಘಾಟು ಕಟ್ಟಡದ ತುಂಬ ಬಂತು. ಅದರ ಹಿಂದೆಯೇ ಬೆಂಕಿಯ ಅಲಾರಮ್ಮೂ ಹೊಡೆದುಕೊಂಡಿತು.

ಅಲಾರಮ್ ಹೊಡೆದರೆ ಲಿಫ್ಟು ನಿಲ್ಲುತ್ತದೆ. ಎಲ್ಲರೂ ಮೆಟ್ಟಿಲಿಳಿದು ಕಾರ್ ಪಾರ್ಕಿನಲ್ಲಿ ಸೇರಬೇಕು. ನಾವೆಲ್ಲ ಇಳಿದು ಬಹಳ ಹೊತ್ತಾದ ಮೇಲೆ ಕೊನೆಯವರಾಗಿ ಮರೈಕೆ ಬಂದರು. ನೈಟ್‌ಗೌನು, ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ. ಕೆಳಗೆ ಹಿಮ ಕರಗಿ ನಿಂತ ನೀರು. ಅಷ್ಟು ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿದಿದ್ದರು.

ಶರಣಕ್ಕ ಮಾತ್ರ ನಡುವೆ ನಿಂತು ಎಲ್ಲರಿಗೂ ತಮ್ಮ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು: ಯಾರೋ ಕೆಟ್ಟವರು ನನ್ನ ಶೂನಲ್ಲಿ ಹೊಲಸು ಇಟ್ಟಿದ್ದಾರೆ, ಹಣ್ಣು, ನಾಣ್ಯ, ಆಡಿನ ಹಿಕ್ಕೆ, ಇದು ಮಾಟ. ನಾನು ಸೈಕಲ್ ಶೆಡ್ಡಿನ ಪಕ್ಕ, ಅವರ ಮನೆಯವಳಲ್ಲ ಎನ್ನುವಷ್ಟು ದೂರದಲ್ಲಿ ನಿಂತಿದ್ದೆ. ಆಗ ಕೆಳಮಹಡಿಯ ಪೋಲೆಂಡಿನ ಹೆಂಗಸು ನಗುತ್ತ ಮುಂದೆ ಬಂದು, “ಅಯ್ಯೋ, ಇವತ್ತು ಆರನೇ ತಾರೀಖಲ್ಲವೇ! ಸಂತ ನಿಕೋಲಸನ ಹಬ್ಬ. ಹಿಂದಿನ ಸಂಜೆ ಹೊರಗಿಟ್ಟ ಶೂನಲ್ಲಿ ಅವನು ತಿಂಡಿ ಹಾಕಿ ಹೋಗುತ್ತಾನೆ. ನಮ್ಮಲ್ಲೂ ಇದೆ. ಅದು ಆಡಿನದಲ್ಲ, ಮಸಾಲೆ ಬಿಸ್ಕತ್ತು. ನಾಣ್ಯ ಚಾಕೊಲೇಟಿನದು” ಎಂದಳು.

ಜನ ನಕ್ಕರು. ಯಾರ ಕೆಲಸವಿದ್ದೀತೆಂದು ಎಲ್ಲರ ಕಣ್ಣೂ ಸುತ್ತಲೂ ಹುಡುಕಿತು. ಮರೈಕೆ ಮಾತ್ರ ತಲೆ ತಗ್ಗಿಸಿ ತಮ್ಮ ಒದ್ದೆ ಚಪ್ಪಲಿಯನ್ನೇ ನೋಡುತ್ತಿದ್ದರು. ಅದನ್ನು ಶರಣಕ್ಕ ಕಂಡರು. ಅವರ ಕೈ ಹಣೆಯ ಇಬತ್ತಿಯವರೆಗೆ ಹೋಗಿ ಅಲ್ಲೇ ನಿಂತಿತು.

ಆ ದಿನ ಅವರು ಊಟ ಮಾಡಲಿಲ್ಲ. ಸಂಜೆ ನನ್ನನ್ನೂ ಕರೆದುಕೊಂಡು ಎದುರು ಮನೆಗೆ ಹೊರಟರು. ಕೈಯಲ್ಲಿ ಏನಾದರೂ ತಿಂಡಿ ಒಯ್ಯೋಣ ಎಂದೆ. “ತಪ್ಪಾತು ಅನ್ಲಿಕ್ಕ ಹೋಗಾಗ ತಿಂಡಿ ಒಯ್ದ್ರ ಲಂಚ ಕೊಟ್ಟಂಗ ಆಗ್ತದ. ಸುಮ್ನ ಬಾ” ಎಂದರು.

ಮರೈಕೆ ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಶರಣಕ್ಕ ಕೈ ಮುಗಿದು ಹೇಳಬೇಕಾದ್ದನ್ನು ಹೇಳಿದರು: ನೀವು ಪ್ರೀತಿಯಿಂದ ಇಟ್ಟದ್ದನ್ನು ನಾನು ತುಳಿದೆ, ನಿಮ್ಮ ಬಾಗಿಲಿಗೆ ಶಾಪ ಹಾಕಿದೆ, ಈ ಕಾಲಿನಲ್ಲಿ ನಿಮ್ಮನ್ನು ಮೆಟ್ಟಿಲಿಳಿಸಿದೆ, ಕ್ಷಮಿಸಿ. ಮರೈಕೆ ಎಲ್ಲವನ್ನೂ ಕೇಳಿಕೊಂಡು ಮೆಲ್ಲಗೆ, “ಆದರೆ ಇಟ್ಟವಳು ನಾನಲ್ಲ. ನಿಕೋಲಸ್ ಬಂದಿರಬೇಕು” ಎಂದರು.

ಶರಣಕ್ಕ ನನ್ನ ಮುಖ ನೋಡಿದರು. ಮೇಜಿನ ಮೇಲೆ ಅದೇ ಗುಂಡು ಬಿಸ್ಕತ್ತುಗಳ ಡಬ್ಬಿ ತೆರೆದೇ ಇತ್ತು. “ನೀವೇ ಅಲ್ಲವೇ?” ಎಂದು ಮತ್ತೆ ಕೇಳಿದರು. “ನಾನಲ್ಲ” ಎಂದರು ಮರೈಕೆ. ಚಹಾ ಕೊಟ್ಟು, ಆ ನಿಕೋಲಸ್ ಯಾರೆಂದು ಹೇಳಿದರು.

ಮರುದಿನ ಶರಣಕ್ಕ ರೊಟ್ಟಿ ಬಡಿಯುತ್ತ ಆ ಕಥೆಯನ್ನು, ನಾನೂ ಅಲ್ಲೇ ಇದ್ದೆನೆಂಬುದನ್ನು ಮರೆತು, ನನಗೇ ಹೇಳಿದರು. “ಈ ಅಂಗಡ್ಯಾಗ ಕುಂದರಸ್ತಾರಲ್ಲ ಕೆಂಪ ಅಂಗಿ ಹೊಟ್ಟಿಯಾಂವ, ಅಂವ ಮೊದಲ ಹಂಗ ಇರ್ಲಿಲ್ಲಂತ. ಸಣಕಲ ಮುದಕ. ತುರ್ಕರ ದೇಶದ ಸಮುದ್ರದ ದಂಡ್ಯಾಗ ಒಂದ ಊರು, ಅಲ್ಲಿ ಮಠದ ಸ್ವಾಮಿ ಇದ್ದಂಗ ಇದ್ದ. ಥಂಡಿ ಗಿಂಡಿ ಏನಿಲ್ಲ, ನಮ್ಮಂಗ ಬಿಸಲಾಗಿನಾಂವ. ಸತ್ತ ಮ್ಯಾಲ ಅಂವನ ಎಲುಬು ಇಟಲಿಗಿ ಒಯ್ದ್ರಂತ. ಹಡಗದಾಗಿನ ಮಂದಿ ಅಂವನ ಹೆಸರ ಊರೂರಿಗಿ ಒಯ್ದ್ರಂತ. ಮರಿಯಕ್ಕನ ಮಂದಿ ಅಂವನ್ನ ಅಮೆರಿಕಾಕ್ಕ ಕರ್ಕೊಂಡ ಹೋದ್ರು. ಅಲ್ಲಿ ಹೋಗಿ ಹೊಟ್ಟಿ ಬಂತು. ಅಮೆರಿಕಾಕ್ಕ ಹೋದಾವ್ರದೆಲ್ಲಾ ಹಂಗೇ ಬಿಡು.” ಇಂಗ್ಲೆಂಡಿನ ಫಾದರ್ ಕ್ರಿಸ್‌ಮಸ್ ಬೇರೆಯೇ ಒಬ್ಬ, ಹಸಿರು ಬಟ್ಟೆ ತೊಟ್ಟು ಉಂಡು ಕುಡಿದು ನಲಿಯುವ ಹಬ್ಬದ ಮುದುಕ, ಮಕ್ಕಳಿಗೆ ಏನನ್ನೂ ಕೊಡುತ್ತಿರಲಿಲ್ಲ, ಆಮೇಲೆ ಇಬ್ಬರೂ ಬೆರೆತುಹೋದರು ಎಂದೂ ಮರೈಕೆ ಹೇಳಿದ್ದರು. ಅದನ್ನು ಶರಣಕ್ಕ ಬಿಟ್ಟುಬಿಟ್ಟರು. ಕೊಡದವನ ಕಥೆ ಅವರಿಗೆ ಬೇಕಿರಲಿಲ್ಲ.

ಮುಂದಿನದನ್ನು ಹೇಳುವಾಗ ಮಾತ್ರ ಅವರ ಕೈ ಹಿಟ್ಟಿನ ಮೇಲೆ ನಿಂತಿತು. “ಒಬ್ಬಾಂವಗ ಮೂರ ಹೆಣ್ಣಮಕ್ಕಳು. ಇದ್ದದ್ದೆಲ್ಲಾ ಹೋಗಿತ್ತು. ಲಗ್ನಕ್ಕ ಕೊಡ್ಲಿಕ್ಕ ಏನೂ ಇಲ್ಲ. ಮಕ್ಕಳಿಗಿ ಮಾರೂ ಪರಿಸ್ಥಿತಿ. ಈ ನಿಕೋಲಸಪ್ಪಗ ಗೊತ್ತಾತು. ಬಾಗಲಾ ಬಡದು ಕೊಡ್ಲಿಲ್ಲ. ಕತ್ತಲಾಗ ಹೋಗಿ ಕಿಡಕ್ಯಾಗಿಂದ ಬಂಗಾರದ ಗಂಟು ಒಗದ. ಅದು ಹೋಗಿ ಮಕ್ಕಳು ಕಾಲಿಂದ ಬಿಚ್ಚಿಟ್ಟ ಕೆರದಾಗ ಬಿತ್ತು. ಕಡೀ ಮಗಳ ಸಲುವಾಗಿ ಬಂದಾಗ ಅಪ್ಪ ಕಾದ ಕುಂತು ಹಿಡದ. ಕಾಲಿಗಿ ಬಿದ್ದ. ನಿಕೋಲಸಪ್ಪ ಏನಂದ ಗೊತ್ತದೇನು? ನಾನು ಅಂತ ಯಾರಿಗೂ ಹೇಳಬ್ಯಾಡ ಅಂದ.” ಬೆರಳಿಗಂಟಿದ ಹಿಟ್ಟು ಉದುರಿಸಿ ಹೇಳಿದರು: “ನನ್ನ ತಂಗಿ ಮಗಳ ಲಗ್ನದಾಗ ನಾ ಬಂಗಾರದ ಪಾಟ್ಲಿ ಹಾಕೀನಿ. ಯಾರ್ ಏನ್ ಕೊಟ್ರು ಅಂತ ಆಯೇರಿ ಓದೂ ಮುಂದ ಮೈಕಿನಾಗ ಎರಡ ಸಲ ಹೇಳಿಸೀನಿ, ಲಂಡನ್ನಿನ ಶರಣಮ್ಮ ಅಂತ. ಮಂದಿ ಎಲ್ಲಾ ತಿರಗಿ ನೋಡ್ತು. ನನ್ನ ತಂಗಿ ಅವತ್ತ ತಲಿ ಎತ್ಲಿಲ್ಲ. ನಾ ಖುಷಿಗೆ ಅಂತ ತಿಳಕೊಂಡಿದ್ದೆ.”

ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಅವರು ಅದನ್ನು ತೆಗೆಯಲಿಲ್ಲ, ನಾನೇ ಎದ್ದು ತೆಗೆದೆ.

ಅಲ್ಲಿಂದ ಮುಂದೆ ಅವರ ಬದುಕಿಗೆ ಒಂದೇ ಕೆಲಸ ಉಳಿದಂತಾಯಿತು: ಮರಿಯಕ್ಕನ ಬಾಯಿಂದ “ಹೌದು, ಇಟ್ಟವಳು ನಾನೇ, ಹೋಗಲಿ ಬಿಡು” ಎಂದು ಹೇಳಿಸುವುದು. ಇಟ್ಟವರೇ ಒಪ್ಪದಿದ್ದರೆ ಕ್ಷಮೆ ಯಾರಿಂದ ಪಡೆಯುವುದು? ಎದುರುಮನೆಯ ಕಸದ ಚೀಲ ಇವರೇ ಕೆಳಗಿಳಿಸಿದರು, ಹಾಲು ತಂದುಕೊಟ್ಟರು, ಜಿ.ಪಿ. ಡಾಕ್ಟರ ಹತ್ತಿರ ಹೋಗುವ ದಿನ ತೋಳು ಹಿಡಿದು ನಡೆಸಿದರು. ಯುಗಾದಿಗೆ ಬೇವುಬೆಲ್ಲ ಒಯ್ದುಕೊಟ್ಟು ಮತ್ತೆ ಕೇಳಿದರು. ಮರೈಕೆ ಬೇವಿಗೆ ಮುಖ ಸಿಂಡರಿಸಿ, “ನಾನಲ್ಲ, ಶರಣ” ಎಂದರು. ತಮಾಷೆಗೆ ಹೇಳುತ್ತಿದ್ದರೋ, ನೋವಿನಿಂದಲೋ, ಅವರ ಮುಖ ನೋಡಿ ಹೇಳಲು ಬರುತ್ತಿರಲಿಲ್ಲ. ಅವರು ಹೊರಗೆ ಓಡಾಡುವುದು ಕಡಿಮೆಯಾಯಿತು. ಗೋಡೆಯಾಚೆ ಕೋಲಿನ ಸದ್ದು ನಿಧಾನವಾಯಿತು. “ಆ ಮೆಟ್ಟಲ ಇಳಸಿದಾಕಿ ನಾ” ಎಂದು ಶರಣಕ್ಕ ಆ ಸದ್ದು ಕೇಳಿದಾಗಲೆಲ್ಲ ಅನ್ನುತ್ತಿದ್ದರು. ವಯಸ್ಸಾಗಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ನನ್ನ ಸಮಾಧಾನ ಅವರಿಗೆ ಬೇಕಿರಲಿಲ್ಲ.

ನನಗೆ ಆಗ ಅರ್ಥವಾಗತೊಡಗಿದ್ದು ಇಷ್ಟು. ನಾಚಿಕೆ ನನಗೂ ಆಗುತ್ತಿತ್ತು, ಆದರೆ ಜನ ನೋಡುತ್ತಿದ್ದಾರಲ್ಲ ಎಂದು. ಕಾರ್ ಪಾರ್ಕು ಖಾಲಿಯಾದ ಕೂಡಲೇ ನನ್ನದು ಮುಗಿದಿತ್ತು. ಶರಣಕ್ಕನದು ಶುರುವಾದದ್ದೇ ಆಮೇಲೆ.

ಮತ್ತೆ ಚಳಿ ಶುರುವಾಗುವ ಹೊತ್ತಿಗೆ ಮರೈಕೆ ಆಸ್ಪತ್ರೆಗೆ ಹೋದರು, ತಿರುಗಿ ಬರಲಿಲ್ಲ. ಡಿಸೆಂಬರಿನ ಮೊದಲ ವಾರ ಅವರ ಮಗ ಹಾಲೆಂಡಿನಿಂದ ಮನೆ ಖಾಲಿ ಮಾಡಲು ಬಂದ. ಅರ್ಧ ಬಕ್ಕ ತಲೆಯ ಎತ್ತರದ ಮನುಷ್ಯ, ಅಮ್ಮನಂತೆಯೇ ಮಾತು ಕಡಿಮೆ. ದಾನಕ್ಕೆ ಕೊಡುವ ವಸ್ತುಗಳನ್ನು ಚೀಲಕ್ಕೆ ತುಂಬಿ ಕಾರಿಡಾರಿನಲ್ಲಿ ಸಾಲಾಗಿ ಇಟ್ಟ. ಕೊನೆಯಲ್ಲಿ ಕಪ್ಪು ಶೂಗಳ ಒಂದು ಜೊತೆ, ಒಂದರ ಅಟ್ಟೆ ದಪ್ಪ. ಬೇರೆ ಯಾರ ಕಾಲಿಗೂ ಬಾರದ ಅದನ್ನು ಚೀಲಕ್ಕೆ ಹಾಕಲೂ ಆಗದೆ, ಎಸೆಯಲೂ ಆಗದೆ ಬಾಗಿಲ ಪಕ್ಕ ಬಿಟ್ಟಿದ್ದ.

ಐದನೆಯ ತಾರೀಖಿನ ಸಂಜೆ ನಾನು ಆಫೀಸಿನಿಂದ ಬಂದಾಗ ಮನೆಯೆಲ್ಲ ಹುರಿದ ಶೇಂಗಾ, ಬೆಲ್ಲದ ವಾಸನೆ. ಶರಣಕ್ಕ ಉಂಡೆ ಕಟ್ಟಿ ಮುಗಿಸಿದ್ದರು. ತಟ್ಟೆ ಹಿಡಿದು ಬಾಗಿಲು ತೆಗೆದು, ಆಚೆ ಈಚೆ ನೋಡಿ, ಮರಿಯಕ್ಕನ ಶೂ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲು ಸೆರಗಿನಿಂದ ಅವುಗಳ ಧೂಳು ಒರೆಸಿದರು. ಒಳಗೆ ಹಾಸಲೆಂದು ಒಂದು ಪೇಪರ್ ನ್ಯಾಪ್ಕಿನ್ ತಂದಿದ್ದರು. ಅದನ್ನು ಬಿಡಿಸಿದರು, ನೋಡಿದರು, ಮತ್ತೆ ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಬರಿಗೈಯಿಂದಲೇ ಉಂಡೆಗಳನ್ನು ಶೂ ಒಳಗೆ ಇಟ್ಟರು, ಮೇಲೆ ಒಂದೊಂದು ಕಿತ್ತಳೆ. ಕಾರಿಡಾರಿಗೆ ಯಾರಾದರೂ ಬಂದಾರು ಎಂಬ ಭಯ ನನಗೆ ಆಗಲೂ ಇತ್ತು. ಆದರೂ ಹೋಗಿ ಲಿಫ್ಟಿನ ಹತ್ತಿರ ಕಾವಲು ನಿಂತೆ.

ಈಗ ನಾನು ಲಂಡನ್ನಿನ ಇನ್ನೊಂದು ಕಡೆ, ಟೂಟಿಂಗ್‌ನಲ್ಲಿದ್ದೇನೆ. ಶರಣಕ್ಕ ಕಳೆದ ವಸಂತದಲ್ಲಿ ತೀರಿಕೊಂಡರು, ಕೆಲಸದ ದಿನವೇ, ಬಸ್ಸಿಗೆ ಕಾಯುತ್ತಿದ್ದಾಗ. ಆ ಬಸ್ ಸ್ಟಾಪಿನಲ್ಲಿದ್ದವರ ಕೋಟುಗಳನ್ನೂ ವಿಚಾರಿಸಿಕೊಂಡಿರುತ್ತಾರೆ. ಅಂಗಡಿಯ ಕಿಟಕಿಗಳಲ್ಲಿ ಕೆಂಪು ಅಂಗಿಯ ಹೊಟ್ಟೆ ಕಂಡಾಗಲೆಲ್ಲ ನನಗೆ ನೆನಪಾಗುವುದು ಉಂಡೆ ಇಟ್ಟ ಆ ಸಂಜೆಯ ಮರುದಿನದ ಬೆಳಗು.

ಮರೈಕೆಯ ಮಗ ಬಾಗಿಲು ತಟ್ಟಿದ. ಕೈಯಲ್ಲಿ ದಪ್ಪ ಅಟ್ಟೆಯ ಶೂ, ಅದರೊಳಗೆ ಉಂಡೆಗಳು. ಕಣ್ಣು ಕೆಂಪಾಗಿತ್ತು. “ಇದನ್ನು ಇಟ್ಟವರು ನೀವೇ?” ಎಂದು ಕೇಳಿದ.

ಒಂದು ವರ್ಷದಿಂದ ಶರಣಕ್ಕ ಕಾದದ್ದು ಇದಕ್ಕೇ ಎಂದುಕೊಂಡೆ. ಅವರಿಗೆ ತಾಯಿಯ ಬದಲು ಮಗ ಸಿಕ್ಕಿದ್ದ. ಹೌದು ಎಂದರೆ ಸಾಕು, ಕಾರ್ ಪಾರ್ಕಿನ ಕಥೆ, ಮೆಟ್ಟಿಲಿನ ಕಥೆ ಎಲ್ಲ ಹೇಳಬಹುದು. ಇಂಥ ಬೆಳಿಗ್ಗೆ ಅವನು ಏನನ್ನಾದರೂ ಕ್ಷಮಿಸಿಬಿಡುತ್ತಿದ್ದ. ಶರಣಕ್ಕ ಅವನ ಮುಖವನ್ನೇ ನೋಡಿದರು.

“ನಾನಲ್ಲ” ಎಂದರು ಇಂಗ್ಲಿಷಿನಲ್ಲಿ. “ನಿಕೋಲಸ್ ಬಂದಿರಬೇಕು.”

ಅವನು ನನ್ನ ಕಡೆ ತಿರುಗಿದ. ನಾನೂ ತಲೆಯಾಡಿಸಿದೆ, ನಾನಲ್ಲ ಎಂದು. ಅವನು ಅಲ್ಲೇ ನಿಂತು, ಅಮ್ಮನ ಶೂ ಒಳಗೆ ಕೈ ಹಾಕಿ, ಒಂದು ಉಂಡೆ ತೆಗೆದು ಬಾಯಿಗಿಟ್ಟುಕೊಂಡ. ತಿಂದು ಮುಗಿಸಿ, ಅಮ್ಮನಂತೆಯೇ ತಲೆ ಬಾಗಿಸಿ, ಶೂವನ್ನು ಎದೆಗೊತ್ತಿಕೊಂಡು ಒಳಗೆ ಹೋದ.

ಬಾಗಿಲು ಮುಚ್ಚಿದ ಮೇಲೆ ನನಗೆ ತಡೆಯಲಾಗಲಿಲ್ಲ. “ಹೇಳಿಬಿಡಬಹುದಿತ್ತಲ್ಲ ಶರಣಕ್ಕ? ನಿಮ್ಮ ಮನಸ್ಸಾದರೂ ಹಗುರವಾಗುತ್ತಿತ್ತು” ಎಂದೆ.

“ಹಗರ ಯಾರಿಗಿ ಆಗ್ತಿತ್ತು? ನನಗ” ಎಂದರು. “ಅವ್ವಗ ಕಳಕೊಂಡ ಬಂದಾನ ಅಂವ. ಅಂವನ ಮ್ಯಾಲ ನನ್ನ ಭಾರ ಹೊರಸ್ಲೇನು? ಇರ್ಲಿ. ನಂದು ನನ್ನ ಹಂತ್ಯಾಕೇ ಇರ್ಲಿ.”

ಸ್ಟ್ಯಾಂಡಿನಲ್ಲಿ ಅವರ ಕೆಲಸದ ಶೂ ತುಸು ಓರೆಯಾಗಿತ್ತು. ಮತ್ತೆ ಬಾಗಿಲು ತೆರೆದು ಕೈಯಿಂದಲೇ ಅದನ್ನು ಸರಿಮಾಡಿ, ಮರಿಯಕ್ಕನ ಬಾಗಿಲ ಪಕ್ಕ ಒಂಟಿಯಾಗಿ ಉಳಿದಿದ್ದ ಇನ್ನೊಂದು ಕಪ್ಪು ಶೂವನ್ನೂ ಗೋಡೆಗೆ ಒರಗಿಸಿಟ್ಟು ಬಂದರು. ನಲ್ಲಿಯ ಹತ್ತಿರ ಹೋಗಲಿಲ್ಲ. ನೇರವಾಗಿ ಬಂದು ತಟ್ಟೆಯ ಮುಂದೆ ಕೂತು, ಅದೇ ಕೈಯಲ್ಲಿ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ನಾನು ತಿಂದೆ.